ಎಂಬತ್ತರ ದಶಕದ ಪಾಪ್ ಸಿಂಗಲ್‌ಗಳು ಮತ್ತು ರೀಮಿಕ್ಸ್‌ಗಳು: ಸಂಗ್ರಹಕ್ಕೆ ಯಾವ ಪ್ರತಿ ಯೋಗ್ಯ?

ಕೌಲ್‌ಬಜಾರ್ ಸಂಗ್ರಾಹಕ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಹಾಗೂ ರಾಕ್ ಹಾಡುಗಳ ಸಿಂಗಲ್ (ಬದಿಗೆ ಒಂದೆರಡು ಹಾಡುಗಳಷ್ಟೇ ಇರುವ) ರೆಕಾರ್ಡುಗಳನ್ನು ಕೂಡಿಡುವ ಹವ್ಯಾಸ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲೂ ಚಿಗುರುತ್ತಿದೆ. ಹೊಸಬರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಇಂಥ ಹಾಡಿನ ರೆಕಾರ್ಡು ಎಷ್ಟಕ್ಕೆ ಸಿಗುತ್ತದೆ ಎಂದು. ಬೆಲೆ ಕೇಳುವ ಮುನ್ನ ಆ ರೆಕಾರ್ಡಿನಲ್ಲಿ ಹಾಡಿನ ಯಾವ ಆವೃತ್ತಿ ಇದೆ ಎಂಬುದನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಚರ್ಚೆಯನ್ನು ಆರಂಭಿಸುತ್ತಿರುವುದೂ ಅದಕ್ಕಾಗಿಯೇ.

ಆ ದಶಕದಲ್ಲಿ ಒಂದು ಜನಪ್ರಿಯ ಹಾಡು ಒಂದೇ ರೂಪದಲ್ಲಿ ಹೊರಬಂದದ್ದು ಅಪರೂಪ. ಎಲ್.ಪಿ.ಯಲ್ಲಿ (ಹಲವು ಹಾಡುಗಳಿರುವ ದೊಡ್ಡ ರೆಕಾರ್ಡಿನಲ್ಲಿ) ಒಂದು ರೂಪ, ರೇಡಿಯೊ ಕೇಂದ್ರಗಳಿಗೆ ಒಪ್ಪುವಂತೆ ಮೂರು-ನಾಲ್ಕು ನಿಮಿಷಕ್ಕೆ ಇಳಿಸಿದ ಏಳಿಂಚಿನ ಸಿಂಗಲ್‌ನಲ್ಲಿ ಇನ್ನೊಂದು ರೂಪ, ನೃತ್ಯಶಾಲೆಗಳಿಗಾಗಿ, ಅಂದರೆ ಡಿಸ್ಕೋ ಕ್ಲಬ್‌ಗಳಿಗಾಗಿ, ಹಿಗ್ಗಿಸಿದ ಹನ್ನೆರಡಿಂಚಿನ ಸಿಂಗಲ್‌ನಲ್ಲಿ ಮತ್ತೊಂದು ರೂಪ, ಅದರ ಹಿಂಬದಿಯಲ್ಲಿ ಗಾಯನವನ್ನು ತೆಗೆದು ವಾದ್ಯಗಳನ್ನಷ್ಟೇ ಉಳಿಸಿದ ಮಗದೊಂದು ರೂಪ ಇರುತ್ತಿದ್ದವು. ಇವುಗಳ ನಡುವಿನ ವ್ಯತ್ಯಾಸ ಅವಧಿಗೆ ಸೀಮಿತವಾದದ್ದಲ್ಲ. ಡ್ಯುರಾನ್ ಡ್ಯುರಾನ್ ತಂಡದ ‘ದಿ ರಿಫ್ಲೆಕ್ಸ್’ ಹಾಡನ್ನು ನೋಡಿ. 1983ರ ಎಲ್.ಪಿ.ಯಲ್ಲಿದ್ದ ಆ ಹಾಡನ್ನು 1984ರಲ್ಲಿ ಸಿಂಗಲ್ ಆಗಿ ಹೊರತರುವಾಗ ಅಮೆರಿಕದ ನೈಲ್ ರಾಜರ್ಸ್ ಅದನ್ನು ಮತ್ತೆ ಮಿಕ್ಸ್ ಮಾಡಿದರು, ಅಂದರೆ ಮುದ್ರಿಸಿದ ಗಾಯನ, ವಾದ್ಯಗಳ ಧ್ವನಿಗಳನ್ನು ಹೊಸದಾಗಿ ಬೆರೆಸಿ ಜೋಡಿಸಿದರು. ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ್ದು, ನಮ್ಮ ಕಿವಿಯಲ್ಲಿ ನೆಲೆನಿಂತದ್ದು ಆ ಮಿಕ್ಸ್. ಎಲ್.ಪಿ. ಕೊಂಡು ಮನೆಗೆ ತಂದು ಹಾಕಿದವರಿಗೆ ತಾವು ಬಯಸಿದ ಹಾಡು ಅಲ್ಲಿ ಸಿಗುವುದೇ ಇಲ್ಲ.

ಕೆಲವು ಹಾಡುಗಳನ್ನಂತೂ ಎರಡನೆಯ ಸಲ ಹೊಸದಾಗಿಯೇ ಧ್ವನಿಮುದ್ರಿಸಲಾಯಿತು. ಆಹಾ ತಂಡದ ‘ಟೇಕ್ ಆನ್ ಮಿ’ 1984ರಲ್ಲಿ ಟೋನಿ ಮ್ಯಾನ್ಸ್‌ಫೀಲ್ಡ್ ಅವರ ನಿರ್ಮಾಣದಲ್ಲಿ ಬಂದಾಗ ಹೆಚ್ಚು ಮಂದಿ ಗಮನಿಸಲಿಲ್ಲ. 1985ರಲ್ಲಿ ಜಗತ್ತು ಕೇಳಿದ್ದು ಆಲನ್ ಟಾರ್ನಿ ನಿರ್ಮಿಸಿದ ಹೊಸ ಧ್ವನಿಮುದ್ರಣ. ಪೆಟ್ ಶಾಪ್ ಬಾಯ್ಸ್ ಅವರ ‘ವೆಸ್ಟ್ ಎಂಡ್ ಗರ್ಲ್ಸ್’ ಕೂಡ ಹೀಗೆಯೇ: 1984ರಲ್ಲಿ ಬಾಬಿ ಒರ್ಲ್ಯಾಂಡೊ ನಿರ್ಮಿಸಿದ್ದು ಬೇರೆ, 1985ರಲ್ಲಿ ಸ್ಟೀಫನ್ ಹೇಗ್ ಅವರೊಂದಿಗೆ ಮರಳಿ ಮುದ್ರಿಸಿದ್ದು ಬೇರೆ. ಹೆಸರು ಒಂದೇ, ಹಾಡುವವರು ಅವರೇ, ಆದರೆ ಲಯದ ತೂಕ, ತಂತಿವಾದ್ಯದ ಹಿನ್ನೆಲೆ, ಗಾಯನದ ಹತ್ತಿರ ದೂರ ಎಲ್ಲವೂ ಬದಲಾಗಿವೆ. ಸಂಗ್ರಾಹಕನಿಗೆ ಎರಡೂ ಬೇಕು, ಮತ್ತು ಕೈಯಲ್ಲಿರುವುದು ಯಾವುದೆಂದು ಗೊತ್ತಿರಬೇಕು.

ಅದನ್ನು ತಿಳಿಯುವುದು ಹೇಗೆ? ಕವರಿನ ಮೇಲಿನ ಮಾತನ್ನಷ್ಟೇ ನಂಬಬಾರದು, ಏಕೆಂದರೆ ಕೈಯಿಂದ ಕೈಗೆ ದಾಟುವಾಗ ಕವರುಗಳು ಅದಲುಬದಲಾಗುತ್ತವೆ. ರೆಕಾರ್ಡನ್ನು ಎರಡೂ ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಿ. ಹಾಡಿನ ಗೆರೆಗಳು ಮುಗಿದು ಲೇಬಲ್ ಆರಂಭವಾಗುವ ನಡುವೆ ಒಂದು ನುಣುಪಾದ ಪಟ್ಟಿ ಇರುತ್ತದೆ. ಅದರಲ್ಲಿ ಯಂತ್ರದಿಂದ ಒತ್ತಿದ ಅಥವಾ ಕೈಯಿಂದ ಕೆತ್ತಿದ ಅಕ್ಷರ, ಅಂಕಿಗಳು ಬೆಳಕಿಗೆ ಹೊಳೆದು ಕಾಣುತ್ತವೆ. ಮೊದಲು ಕ್ಯಾಟಲಾಗ್ ಸಂಖ್ಯೆ, ಆಮೇಲೆ ಎ ಅಥವಾ ಬಿ ಬದಿಯ ಗುರುತು, ಅದರ ಬೆನ್ನಿಗೆ ಎಷ್ಟನೆಯ ಕಟಿಂಗ್ (ಧ್ವನಿಯನ್ನು ಮೂಲ ತಟ್ಟೆಯಲ್ಲಿ ಗೆರೆಯಾಗಿ ಕೊರೆಯುವ ಕೆಲಸ) ಎಂಬ ಸೂಚನೆ ಇರುವುದು ವಾಡಿಕೆ. ಕೆಲವು ರೆಕಾರ್ಡುಗಳಲ್ಲಿ ಕಟಿಂಗ್ ಮಾಡಿದ ತಂತ್ರಜ್ಞರ ಸಹಿಯೂ ಸಿಗುತ್ತದೆ. ‘ಪೋರ್ಕಿ’ ಎಂದಿದ್ದರೆ ಅದು ಬ್ರಿಟನ್ನಿನ ಜಾರ್ಜ್ ಪೆಕ್‌ಹ್ಯಾಮ್ ಅವರದು. ‘ಹರ್ಬಿ ಜೂನಿಯರ್’ ಎಂಬ ಹೆಸರು, ಪಕ್ಕದಲ್ಲಿ ಒಂದು ನಗುಮುಖ ಇದ್ದರೆ ಅಮೆರಿಕದ ಹರ್ಬ್ ಪವರ್ಸ್ ಅವರದು. ನೃತ್ಯಸಂಗೀತದ ಹನ್ನೆರಡಿಂಚಿನ ರೆಕಾರ್ಡಿನಲ್ಲಿ ಈ ಎರಡನೆಯ ಸಹಿ ಕಂಡಾಗ ನನಗಂತೂ ಬಹಳ ಹರ್ಷವಾಗುತ್ತದೆ, ಏಕೆಂದರೆ ಕೆಳಸ್ವರಗಳನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಸ್ವಚ್ಛವಾಗಿ ಗೆರೆಯಲ್ಲಿ ಕೂರಿಸಿದವರು ವಿರಳ.

ಆ ಕೆತ್ತನೆಯನ್ನು 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಜಾಲತಾಣದ ದಾಖಲೆಗಳೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರೆ ಯಾವ ದೇಶದ, ಯಾವ ಪ್ರೆಸ್ಸಿಂಗ್ (ಯಾವ ಸಲ ಒತ್ತಿದ ಪ್ರತಿ), ಯಾವ ಮಿಕ್ಸ್ ಎಂಬುದು ಬಹುಪಾಲು ಸ್ಪಷ್ಟವಾಗುತ್ತದೆ. ಅಂಚೆಯ ಮೂಲಕ ಕೊಳ್ಳುವವರು ಮಾರುವವರಿಂದ ಈ ಪಟ್ಟಿಯ ಛಾಯಾಚಿತ್ರವನ್ನು ಕೇಳಿ ಪಡೆದ ನಂತರವೇ ಹಣ ಕಳುಹಿಸಬೇಕೆಂದು ನನ್ನ ಸಲಹೆ.

ಗಂಗಾವತಿ ಉಪನ್ಯಾಸಕಿ (ಕೊಪ್ಪಳ ಜಿಲ್ಲೆ):

ಸರ್, ತಮ್ಮ ಬರಹವನ್ನು ಆಸಕ್ತಿಯಿಂದ ಓದಿದೆ. ಆವೃತ್ತಿಗಳ ವ್ಯತ್ಯಾಸ ಮುಖ್ಯ ಎಂಬುದನ್ನು ಒಪ್ಪುತ್ತೇನೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತದೆ.

ಈ ಹಲವು ಆವೃತ್ತಿಗಳು ಹುಟ್ಟಿದ್ದು ಕಲೆಯ ಒತ್ತಾಯಕ್ಕಿಂತ ವ್ಯಾಪಾರದ ಒತ್ತಾಯದಿಂದಲ್ಲವೇ? ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಒಂದು ಸಿಂಗಲ್‌ನ ಏಳಿಂಚು, ಹನ್ನೆರಡಿಂಚು ಮುಂತಾದ ಎಲ್ಲ ರೂಪಗಳ ಮಾರಾಟವನ್ನು ಕೂಡಿಸಿ ಎಣಿಸಲಾಗುತ್ತಿತ್ತು. ಆದ್ದರಿಂದ ವಾರಕ್ಕೊಂದು ಹೊಸ ಮಿಕ್ಸ್ ಬಿಡುಗಡೆ ಮಾಡಿ, ಅದೇ ಅಭಿಮಾನಿಯಿಂದ ಅದೇ ಹಾಡನ್ನು ಮತ್ತೆ ಮತ್ತೆ ಕೊಳ್ಳಿಸುವುದು ಕಂಪನಿಗಳಿಗೆ ಲಾಭದಾಯಕವಾಗಿತ್ತು. ಎಷ್ಟೋ ಹನ್ನೆರಡಿಂಚಿನ ಮಿಕ್ಸ್‌ಗಳಲ್ಲಿ ಆರಂಭಕ್ಕೆ ಒಂದು ನಿಮಿಷದ ಡ್ರಮ್ ಯಂತ್ರ, ನಡುವೆ ಪಲ್ಲವಿಯ ತುಣುಕುಗಳ ಪುನರಾವರ್ತನೆ, ಕೊನೆಗೆ ಮತ್ತೆ ಡ್ರಮ್ ಯಂತ್ರ ಇಷ್ಟೇ ಇರುತ್ತದೆ. ಅಚ್ಚುಕಟ್ಟಾದ ಮೂರೂವರೆ ನಿಮಿಷದ ಹಾಡನ್ನು ಕೆಡಿಸಿದ ಉದಾಹರಣೆಗಳೂ ಕಡಿಮೆಯೇನಲ್ಲ.

ಎರಡನೆಯದಾಗಿ, ಇಂದು ಬಹುತೇಕ ಮಿಕ್ಸ್‌ಗಳು ಸಿ.ಡಿ. ಸಂಕಲನಗಳಲ್ಲಿ, ಅಂತರಜಾಲದ ಸಂಗೀತ ಸೇವೆಗಳಲ್ಲಿ ದೊರೆಯುತ್ತವೆ. ನಮ್ಮ ಊರುಗಳಲ್ಲಿ ಕುಳಿತು, ವಿದೇಶದಿಂದ ಅಂಚೆ ವೆಚ್ಚವನ್ನೂ ಸುಂಕವನ್ನೂ ತೆತ್ತು ತಟ್ಟೆಯನ್ನೇ ತರಿಸಿಕೊಳ್ಳಬೇಕೆನ್ನಲು ಕೇಳುವಿಕೆಗೆ ಸಂಬಂಧಿಸಿದ ಕಾರಣ ಏನಾದರೂ ಇದೆಯೇ? ಕೇವಲ ಹಳೆಯ ವಸ್ತುವಿನ ಮೋಹ ಎಂದಾದರೆ ಅದಕ್ಕೂ ನನ್ನ ತಕರಾರಿಲ್ಲ. ಆದರೆ ಹಾಗೆಂದು ಹೇಳಬೇಕು.

ಕೌಲ್‌ಬಜಾರ್ ಸಂಗ್ರಾಹಕ (ಬಳ್ಳಾರಿ):

ಮೇಡಂ, ತಾವು ಎತ್ತಿದ ಎರಡೂ ಪ್ರಶ್ನೆಗಳು ನ್ಯಾಯವಾದವು. ವ್ಯಾಪಾರದ ಒತ್ತಡವಿತ್ತು, ಎಂಬತ್ತರ ನಡುಭಾಗದ ನಂತರ ಅದು ಅತಿಯಾಯಿತು. ಆದರೆ ಹನ್ನೆರಡಿಂಚಿನ ಸಿಂಗಲ್ ಹುಟ್ಟಿದ ಬಗೆ ಬೇರೆಯೇ ಇದೆ.

ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕಿನಲ್ಲಿ ಟಾಮ್ ಮೌಲ್ಟನ್ ಎಂಬವರು ನೃತ್ಯಶಾಲೆಗಳಿಗಾಗಿ ಹಾಡುಗಳನ್ನು ಹಿಗ್ಗಿಸಿ ಮಿಕ್ಸ್ ಮಾಡುತ್ತಿದ್ದರು. ಒಂದು ದಿನ ಪರೀಕ್ಷಾ ಪ್ರತಿ ಕತ್ತರಿಸಲು ಏಳಿಂಚಿನ ಖಾಲಿ ತಟ್ಟೆಗಳು ಮುಗಿದುಹೋಗಿದ್ದವು. ಕಟಿಂಗ್ ತಂತ್ರಜ್ಞ ಹೋಸೆ ರೊಡ್ರಿಗೆಜ್ ದೊಡ್ಡ ತಟ್ಟೆಯ ಮೇಲೆ, ಇದ್ದ ಜಾಗವನ್ನೆಲ್ಲ ಬಳಸಿ, ಗೆರೆಗಳನ್ನು ಅಗಲವಾಗಿ ಹರಡಿ, ಧ್ವನಿಮಟ್ಟವನ್ನು ಏರಿಸಿ ಕತ್ತರಿಸಿಕೊಟ್ಟರು. ಅದರಿಂದ ಬಂದ ನಾದದ ಬಲವನ್ನು ಕೇಳಿ ಮೌಲ್ಟನ್ ಬೆರಗಾದರು. 1976ರಲ್ಲಿ ಸಾಲ್‌ಸೋಲ್ ಕಂಪನಿ, ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು ವಾಲ್ಟರ್ ಗಿಬನ್ಸ್ ಅವರ ಮಿಕ್ಸ್‌ನಲ್ಲಿ ಅಂಗಡಿಗಳಿಗೆ ಬಿಟ್ಟಿತು. ಸಾರ್ವಜನಿಕರು ಹಣ ಕೊಟ್ಟು ಕೊಳ್ಳಬಹುದಾಗಿದ್ದ ಮೊದಲ ಹನ್ನೆರಡಿಂಚಿನ ಸಿಂಗಲ್ ಅದೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಗಿಬನ್ಸ್ ನೃತ್ಯಶಾಲೆಯಲ್ಲಿ ರೆಕಾರ್ಡು ನುಡಿಸುತ್ತಿದ್ದವರು. ಕುಣಿಯುವವರ ಮೈ ಯಾವ ಕ್ಷಣದಲ್ಲಿ ಏನನ್ನು ಬಯಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಇನ್ನು ಭೌತಶಾಸ್ತ್ರದ ಕಾರಣ. ಕೆಳಸ್ವರಗಳನ್ನು ಕತ್ತರಿಸುವಾಗ ಗೆರೆ ಅಕ್ಕಪಕ್ಕಕ್ಕೆ ಹೆಚ್ಚು ಓಲಾಡುತ್ತದೆ, ಆದ್ದರಿಂದ ಅದಕ್ಕೆ ಅಗಲವಾದ ಜಾಗ ಬೇಕು. ಏಳಿಂಚಿನ ತಟ್ಟೆಯಲ್ಲಿ ಹಾಡು ಐದು ನಿಮಿಷಕ್ಕಿಂತ ಉದ್ದವಾದರೆ ಜಾಗ ಸಾಲದೆ ಧ್ವನಿಮಟ್ಟವನ್ನೋ ಕೆಳಸ್ವರವನ್ನೋ ತಗ್ಗಿಸಬೇಕಾಗುತ್ತದೆ. ಇನ್ನೊಂದು ಅಂಶ ವೇಗ. ನಿಮಿಷಕ್ಕೆ 45 ಸುತ್ತು ತಿರುಗುವ ಹನ್ನೆರಡಿಂಚಿನ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 68 ಸೆಂ.ಮೀ. ಗೆರೆ ಹಾದುಹೋಗುತ್ತದೆ. ಅದೇ ಗಾತ್ರದ ಎಲ್.ಪಿ. 33⅓ ಸುತ್ತಿನಲ್ಲಿ ಕೊಡುವುದು ಸುಮಾರು 50 ಸೆಂ.ಮೀ., ಏಳಿಂಚಿನ ಸಿಂಗಲ್ ಕೊಡುವುದು ಸುಮಾರು 40 ಸೆಂ.ಮೀ. ಅದೇ ಒಂದು ಸೆಕೆಂಡಿನ ಸಂಗೀತಕ್ಕೆ ಹೆಚ್ಚು ಉದ್ದದ ಗೆರೆ ಸಿಕ್ಕಿದಾಗ ಮೇಲುಸ್ವರಗಳ ಸೂಕ್ಷ್ಮಗಳು ಕೆಡದೆ ಉಳಿಯುತ್ತವೆ. ಹಾಗಾಗಿ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ಕೇಳುವಿಕೆಗೇ ಸಂಬಂಧಿಸಿದ ಕಾರಣ ಇದೆ.

ಸಿ.ಡಿ. ಸಂಕಲನಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಹನ್ನೆರಡಿಂಚಿನ ಮಿಕ್ಸ್’ ಎಂದು ನಮೂದಿಸಿ ಮೊಟಕುಗೊಳಿಸಿದ ರೂಪವನ್ನೋ ಬೇರೆಯದೇ ಮಿಕ್ಸನ್ನೋ ಸೇರಿಸಿರುವ ಸಂಕಲನಗಳು ಸಾಕಷ್ಟಿವೆ. ಕೆಲವು ಹಾಡುಗಳ ಮೂಲ ಟೇಪ್ ದೊರೆಯದೆ ರೆಕಾರ್ಡಿನಿಂದಲೇ ಪ್ರತಿ ಮಾಡಿಕೊಂಡದ್ದೂ ಇದೆ.

ಕಲೆಯ ವಿಚಾರದಲ್ಲಿ ಒಂದೆರಡು ರೆಕಾರ್ಡುಗಳನ್ನು ತಮ್ಮ ಮುಂದಿಡುತ್ತೇನೆ. ನ್ಯೂ ಆರ್ಡರ್ ತಂಡದ ‘ಬ್ಲೂ ಮಂಡೇ’ 1983ರಲ್ಲಿ ಹನ್ನೆರಡಿಂಚಿನಲ್ಲಷ್ಟೇ ಬಂತು. ಏಳೂವರೆ ನಿಮಿಷದ ಆ ರಚನೆಯನ್ನು ಯಾರೂ ಹಿಗ್ಗಿಸಿದ್ದಲ್ಲ, ಅದು ಹುಟ್ಟಿದ್ದೇ ಆ ಅಳತೆಯಲ್ಲಿ. ಅದೇ ವರ್ಷ ಬ್ರಿಟನ್ನಿನಲ್ಲಿ ಬಂದ ತಂಡದ ಎಲ್.ಪಿ.ಯಲ್ಲಿ ಅದನ್ನು ಸೇರಿಸಿರಲಿಲ್ಲ. ಪೀಟರ್ ಸ್ಯಾವಿಲ್ ರೂಪಿಸಿದ ಅದರ ಕವರು ಕಂಪ್ಯೂಟರಿನ ಫ್ಲಾಪಿ ತಟ್ಟೆಯನ್ನು ಹೋಲುತ್ತದೆ. ತಂಡದ ಹೆಸರೂ ಹಾಡಿನ ಹೆಸರೂ ಅಕ್ಷರಗಳಲ್ಲಿಲ್ಲ, ಅಂಚಿನ ಬಣ್ಣದ ಚೌಕಗಳಲ್ಲಿ ಸಂಕೇತವಾಗಿ ಅಡಗಿವೆ. ಬ್ರಿಟನ್ನಿನ ಇತಿಹಾಸದಲ್ಲಿ ಅತಿ ಹೆಚ್ಚು ಮಾರಾಟವಾದ ಹನ್ನೆರಡಿಂಚಿನ ಸಿಂಗಲ್ ಅದು. ರಾಕ್ ಸಂಗೀತದ ಕಡೆಯಿಂದ ಒಂದು ಉದಾಹರಣೆ ಬೇಕಾದರೆ, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಡ್ಯಾನ್ಸಿಂಗ್ ಇನ್ ದ ಡಾರ್ಕ್’ ಹಾಡನ್ನು 1984ರಲ್ಲಿ ಆರ್ಥರ್ ಬೇಕರ್ ಮಿಕ್ಸ್ ಮಾಡಿದ ಹನ್ನೆರಡಿಂಚನ್ನು ಕೇಳಿ. ಗಿಟಾರಿನ ಗಾಯಕನೊಬ್ಬನ ಏಕಾಂಗಿತನವನ್ನು ನೃತ್ಯಶಾಲೆಯ ನಡುವೆ ನಿಲ್ಲಿಸಿದ ಆ ಪ್ರಯೋಗ ಹಲವರಿಗೆ ಹಿಡಿಸಲಿಲ್ಲ. ನನಗೆ ಅದು ಹಾಡಿನ ಅರ್ಥವನ್ನೇ ತೆರೆದು ತೋರಿಸಿದಂತೆ ಕೇಳುತ್ತದೆ.

ಆ ಕಾಲದಲ್ಲಿ ಈ ಕೆಲಸವನ್ನು ಕಂಪ್ಯೂಟರಿನ ಪರದೆಯ ಮೇಲೆ ಮಾಡುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿಯಿಂದ ಜೋಡಿಸಿ, ಒಂದೊಂದು ತಾಳದ ಹೊಡೆತವನ್ನೂ ಕೈಯಿಂದ ಕೂರಿಸಬೇಕಿತ್ತು. ಅಂಥ ನೂರಾರು ಜೋಡಣೆಗಳಿರುವ ಮಿಕ್ಸ್‌ಗಳನ್ನು ಹಿಗ್ಗಿಸಿದ ಹಾಡು ಎಂದಷ್ಟೇ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಂಡೂರು ಗಣಿಗಾರ (ಬಳ್ಳಾರಿ ಜಿಲ್ಲೆ):

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಹುಡುಕುವವರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ನಮ್ಮ ಕಡೆಯ ಗುಜರಿ ಅಂಗಡಿಗಳಲ್ಲೂ ಹಳೆಯ ಮೈಕ್‌ಸೆಟ್‌ನವರ ಮನೆಗಳಲ್ಲೂ ಸಿಗುವುದು ಹೆಚ್ಚಾಗಿ ಕನ್ನಡ, ತೆಲುಗು, ಹಿಂದಿ ಚಿತ್ರಗೀತೆಗಳು. ಮದುವೆ, ಜಾತ್ರೆಗಳಲ್ಲಿ ಅವನ್ನೇ ಹಾಕುತ್ತಿದ್ದುದರಿಂದ ಇದು ಸಹಜ. ಇಂಗ್ಲಿಷ್ ರೆಕಾರ್ಡುಗಳು ಬೇಕಾದವರು ಅಧಿಕಾರಿಗಳ ವಸತಿ ಕಾಲೊನಿಗಳಿದ್ದ ಊರುಗಳ ಕಡೆ ಗಮನಹರಿಸಬೇಕು. ದೋಣಿಮಲೈ, ತುಂಗಭದ್ರಾ ಅಣೆಕಟ್ಟೆ, ಹಟ್ಟಿ ಚಿನ್ನದ ಗಣಿ, ಶಕ್ತಿನಗರ, ಹಾಗೆಯೇ ಗಡಿಯಾಚೆಯ ಗುಂತಕಲ್ ರೈಲ್ವೆ ಕಾಲೊನಿ ಇಂಥವು. ನಿವೃತ್ತರಾಗಿ ಊರು ಬಿಡುವವರ ಸಾಮಾನುಗಳ ಜೊತೆ ರೆಕಾರ್ಡುಗಳು ರದ್ದಿಗೆ ಹೋಗುತ್ತವೆ. ಪತ್ರಿಕೆ ಕೊಳ್ಳುವ ರದ್ದಿಯವರಿಗೆ ಮೊದಲೇ ಹೇಳಿಟ್ಟರೆ ಅವರು ತೆಗೆದಿಡುತ್ತಾರೆ.

ಹೀಗೆ ಸಿಕ್ಕ ಪ್ರತಿಗಳನ್ನು ಕೊಳ್ಳುವ ಮುನ್ನ ಒಂದು ವಿಷಯವನ್ನು ಗಮನಿಸಿ. ಅಂದಿನ ಬಹುಪಾಲು ಮನೆಗಳಲ್ಲಿದ್ದುದು ಸೆರಾಮಿಕ್ ಕಾರ್ಟ್ರಿಜ್‌ನ (ಮುಳ್ಳನ್ನು ಹಿಡಿದಿರುವ ಭಾಗ) ಪೆಟ್ಟಿಗೆ ಪ್ಲೇಯರ್‌ಗಳು. ಇಂದಿನ ಸಾಧಾರಣ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಎರಡು ಗ್ರಾಮಿನ ಆಸುಪಾಸಿನ ಭಾರದಲ್ಲಿ ಓಡಿದರೆ ಅವು ಅದರ ಎರಡು ಪಟ್ಟಿಗೂ ಹೆಚ್ಚು ಭಾರ ಹಾಕುತ್ತಿದ್ದವು. ಜೊತೆಗೆ ಸವೆದ ಮುಳ್ಳನ್ನು ಬದಲಿಸದೆ ವರ್ಷಗಟ್ಟಲೆ ಬಳಸುವ ಪದ್ಧತಿಯಿತ್ತು. ಮೇಲ್ನೋಟಕ್ಕೆ ಗೀರಿಲ್ಲದೆ ಕಪ್ಪಾಗಿ ಹೊಳೆಯುವ ತಟ್ಟೆಯೂ ಮುಳ್ಳಿಟ್ಟ ಕೂಡಲೇ ಗಾಯನದ ಏರುಸ್ವರದಲ್ಲಿ ಕರಕರ ಎನ್ನುವುದು ಇದರಿಂದಲೇ. ಸಾಧ್ಯವಿದ್ದಲ್ಲಿ ಒಳಗಿನ ಕೊನೆಯ ಒಂದು ನಿಮಿಷವನ್ನು ಕೇಳಿ ಕೊಳ್ಳಬೇಕು. ಸವೆತ ಮೊದಲು ತಿಳಿಯುವುದು ಅಲ್ಲಿ.

ಇನ್ನು ನಮ್ಮ ಊರಿನ ಕೆಂಪು ಧೂಳು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಮನೆಗಳಲ್ಲಿ ಇರುವವರಿಗೆ ಅದು ಎಷ್ಟು ನುಣ್ಣಗೆ, ಎಷ್ಟು ಒಳಗೆ ನುಗ್ಗುತ್ತದೆ ಎಂದು ಹೇಳಬೇಕಾಗಿಲ್ಲ. ಕಬ್ಬಿಣದ ಅದಿರಿನ ಕಣ ರೆಕಾರ್ಡಿನ ಪ್ಲಾಸ್ಟಿಕ್ಕಾದ ವಿನೈಲ್‌ಗಿಂತ ಎಷ್ಟೋ ಗಟ್ಟಿ. ಅದನ್ನು ಒಣಬಟ್ಟೆಯಿಂದ ಒರೆಸಿದರೆ ಪ್ರತಿ ಒರೆತವೂ ಗೆರೆಗಳ ಮೇಲೆ ಗೀರಾಗುತ್ತದೆ. ನಾನು ಮಾಡುವುದು ಹೀಗೆ: ಮೊದಲು ಲೇಬಲ್ಲಿಗೆ ನೀರು ತಾಗದಂತೆ ತಟ್ಟೆಯನ್ನು ಓರೆಯಾಗಿ ಹಿಡಿದು, ಡಿಸ್ಟಿಲ್ಡ್ ನೀರನ್ನು ತೆಳ್ಳಗೆ ಹರಿಸಿ ಕಣಗಳನ್ನು ತೇಲಿಸಿ ಬಿಡುತ್ತೇನೆ. ಕೆಳಗಿಟ್ಟ ಬಿಳಿ ಬೋಗುಣಿಯಲ್ಲಿ ಆ ನೀರು ತಿಳಿಗೆಂಪಾಗಿ ನಿಲ್ಲುತ್ತದೆ. ಬಣ್ಣ ಬರುವುದು ನಿಂತ ಮೇಲೆ ಮಾತ್ರ ಮೃದುವಾದ ಬ್ರಷ್ಷನ್ನು ಗೆರೆಯ ಸುತ್ತಿಗೆ ಅನುಗುಣವಾಗಿ ಆಡಿಸಿ, ಮತ್ತೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಆರಿಸುತ್ತೇನೆ. ಬೋರ್‌ವೆಲ್ ನೀರನ್ನು ಬಳಸಲೇಬಾರದು. ನಮ್ಮ ಕಡೆಯ ಗಡಸು ನೀರು ಆರಿದಾಗ ಉಳಿಯುವ ಬಿಳಿ ಸುಣ್ಣ ಗೆರೆಯೊಳಗೆ ಕೂತು ಚಟಪಟ ಸದ್ದು ಮಾಡುತ್ತದೆ. ಇನ್‌ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಕ್ಯಾನ್ ಸಾಕು. ಆಮ್ಲ ಬೆರೆತ ದ್ರಾವಣವನ್ನು ತರದಂತೆ ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ರಾಯಚೂರು ನಲವತ್ತೈದು (ರಾಯಚೂರು):

ಸಂಡೂರಿನ ಅಣ್ಣಾವರು ಧೂಳಿನ ಬಗ್ಗೆ ಹೇಳಿದ್ದನ್ನು ನಾನು ಬಿಸಿಲಿನ ಬಗ್ಗೆ ಮುಂದುವರಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲೇ ನಲವತ್ತು ಡಿಗ್ರಿ ದಾಟುವುದು ಸಾಮಾನ್ಯ. ವಿನೈಲ್ ಮೆತ್ತಗಾಗಲು ಸುಮಾರು ಅರವತ್ತರಿಂದ ಎಪ್ಪತ್ತು ಡಿಗ್ರಿ ಬೇಕು. ಮನೆಯೊಳಗೆ ಅಷ್ಟಾಗುವುದಿಲ್ಲ ನಿಜ, ಆದರೆ ಬಿಸಿಲಿಗೆ ನಿಂತ ಕಾರಿನೊಳಗೆ, ತಗಡಿನ ಚಾವಣಿಯ ಕೆಳಗಿನ ಅಟ್ಟದ ಮೇಲೆ, ಪಡುವಣ ಗೋಡೆಗೆ ತಾಗಿದ ಬೀರುವಿನಲ್ಲಿ ಆಗಬಹುದು. ಮಲಗಿಸಿ ಒಂದರ ಮೇಲೊಂದು ಪೇರಿಸಿದ್ದರೆ ಅಷ್ಟು ಉಷ್ಣವೂ ಬೇಕಿಲ್ಲ. ಮೇಲಿನ ಭಾರಕ್ಕೆ ಕೆಳಗಿನವು ದಿನೇ ದಿನೇ ಬಾಗುತ್ತವೆ. ನೆಟ್ಟಗೆ, ಓರೆಯಾಗದಂತೆ, ತೀರಾ ಬಿಗಿಯಾಗದಂತೆ ನಿಲ್ಲಿಸಿ, ಮನೆಯ ಮೂಡಣ ಅಥವಾ ಬಡಗಣ ಕೋಣೆಯ ಒಳಗೋಡೆಯ ಬದಿಗೆ ಇಡಬೇಕು.

ಒಳಚೀಲಗಳ ವಿಚಾರದಲ್ಲಿ ಬಹಳ ಎಚ್ಚರಿಕೆ ಬೇಕು. ಹಳೆಯ ಸಂಗ್ರಹಗಳಲ್ಲಿ ದಪ್ಪನೆಯ, ಅಂಟಂಟಾದ ಪಿ.ವಿ.ಸಿ. ಚೀಲಗಳಲ್ಲಿ ತುರುಕಿಟ್ಟ ರೆಕಾರ್ಡುಗಳು ಸಿಗುತ್ತವೆ. ಸೆಕೆಯಲ್ಲಿ ಆ ಚೀಲದ ರಾಸಾಯನಿಕ ಹೊರಸೂಸಿ ರೆಕಾರ್ಡಿನ ಮೈಮೇಲೆ ಮಂಜಿನಂತಹ ಕಲೆಯಾಗಿ ಕೂರುತ್ತದೆ. ಅದು ತೊಳೆದರೂ ಹೋಗುವುದಿಲ್ಲ, ಕೇಳುವಾಗ ಒಂದೇ ಸಮನೆ ಸುಯ್ಯೆನ್ನುತ್ತದೆ. ತಂದ ದಿನವೇ ಆ ಚೀಲವನ್ನು ತೆಗೆದುಹಾಕಿ ಪಾಲಿಥೀನ್ ಅಥವಾ ಕಾಗದದ ಚೀಲಕ್ಕೆ ಬದಲಿಸಿ.

ಅಮೆರಿಕದಿಂದ ಏಳಿಂಚಿನ ಸಿಂಗಲ್ ತರಿಸುವವರಿಗೆ ಎರಡು ಮಾತು. ಅವುಗಳ ನಡುವಿನ ರಂಧ್ರ ಸುಮಾರು 38 ಮಿ.ಮೀ. ಅಗಲ, ಆದ್ದರಿಂದ ರಂಧ್ರವನ್ನು ಕಿರಿದಾಗಿಸುವ ಅಡಾಪ್ಟರ್ ಇಟ್ಟುಕೊಂಡಿರಬೇಕು. ಅದಕ್ಕಿಂತ ಮುಖ್ಯವಾಗಿ, ಅವುಗಳಲ್ಲಿ ಹಲವು ವಿನೈಲ್ ಅಲ್ಲ, ಪಾಲಿಸ್ಟೈರೀನ್. ಹಗುರವಾಗಿ, ಗಡುಸಾಗಿ, ಉಗುರಿನಿಂದ ತಟ್ಟಿದರೆ ಟಣಟಣ ಎನ್ನುವಂತಿರುತ್ತವೆ. ಹೊಸದರಲ್ಲಿ ಬಹಳ ಚೆನ್ನಾಗಿ ಕೇಳಿಸುತ್ತವೆ, ಆದರೆ ಬೇಗ ಸವೆಯುತ್ತವೆ. ರೇಡಿಯೊ ಕೇಂದ್ರಗಳಲ್ಲಿ ಹಾಡಿನ ಆರಂಭವನ್ನು ಹಿಡಿಯಲು ಹಿಂದೆಮುಂದೆ ತಿರುಗಿಸಿದ ಪ್ರತಿಗಳಲ್ಲಿ ಮೊದಲ ಕೆಲವು ಸೆಕೆಂಡುಗಳು ಬರೀ ಗೊರಗೊರ ಸದ್ದಾಗಿರುತ್ತವೆ. ಅದೇ ಹಾಡು ಬ್ರಿಟನ್ ಅಥವಾ ಜರ್ಮನಿಯ ವಿನೈಲ್‌ನಲ್ಲಿ ಸಿಗುವುದಾದರೆ ನಾನು ಅದನ್ನೇ ಆರಿಸುತ್ತೇನೆ.

ಪ್ಲೇಯರನ್ನೂ ಅಲ್ಲಿಂದಲೇ ತರಿಸುವವರು, ಅದರ ಮೋಟಾರು ವಿದ್ಯುತ್ತಿನ ಆವರ್ತನವನ್ನು ಅವಲಂಬಿಸಿದೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿ 60 ಹರ್ಟ್ಜ್, ಇಲ್ಲಿ 50. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಸರಿಪಡಿಸಿದರೂ ತಟ್ಟೆ ಆರರಲ್ಲೊಂದು ಪಾಲು ನಿಧಾನವಾಗಿಯೇ ತಿರುಗುತ್ತದೆ.

ಕೊಪ್ಪಳದ ವಿದ್ಯಾರ್ಥಿ:

ಹಿರಿಯರೇ, ಭಾರತದಲ್ಲೇ ಒತ್ತಿದ ಪ್ರತಿಗಳ ಬಗ್ಗೆ ತಿಳಿಸುವಿರಾ? ವಿದೇಶಿ ಪ್ರತಿಗಳ ಬೆಲೆ ನನ್ನಂಥವರಿಗೆ ಎಟಕುವುದಿಲ್ಲ. ಹಾಗೆಯೇ, ಈ ಸಂಗೀತದಲ್ಲಿ ನಮ್ಮ ನಾಡಿನವರ ಪಾತ್ರವೇನಾದರೂ ಇದೆಯೇ?

ಕೌಲ್‌ಬಜಾರ್ ಸಂಗ್ರಾಹಕ (ಬಳ್ಳಾರಿ):

ತಮ್ಮಾ, ಬಹಳ ಒಳ್ಳೆಯ ಪ್ರಶ್ನೆ. ಎಂಬತ್ತರ ದಶಕದಲ್ಲಿ ಪಾಶ್ಚಾತ್ಯ ಪಾಪ್ ಸಂಗೀತವನ್ನು ಇಲ್ಲಿ ಹೊರತರುತ್ತಿದ್ದವರಲ್ಲಿ ಮುಖ್ಯವಾದವರು ಕೋಲ್ಕತ್ತದ ದಮ್‌ದಮ್‌ನಲ್ಲಿ ಕಾರ್ಖಾನೆಯಿದ್ದ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಮ್ಯೂಸಿಕ್ ಇಂಡಿಯಾ ಮತ್ತು ಸಿ.ಬಿ.ಎಸ್. ಇಂಡಿಯಾ. ಎಲ್.ಪಿ.ಗಳೂ ಕ್ಯಾಸೆಟ್ಟುಗಳೂ ಹೆಚ್ಚಾಗಿ ಬಂದವು, ಸಿಂಗಲ್‌ಗಳು ಕಡಿಮೆ. ಕ್ಯಾಸೆಟ್ಟಿನ ಅಲೆ ಎದ್ದ ಮೇಲೆ ಅವೂ ಕ್ಷೀಣಿಸಿದವು. ಭಾರತೀಯ ಪ್ರೆಸ್ಸಿಂಗ್ ಎಂದಾಕ್ಷಣ ಕೀಳಾಗಿ ಕಾಣುವವರಿದ್ದಾರೆ, ನಾನು ಅವರನ್ನು ಒಪ್ಪುವುದಿಲ್ಲ. ಮೇಲ್ಮೈ ಸದ್ದು ಸ್ವಲ್ಪ ಹೆಚ್ಚಿರಬಹುದು, ಕವರಿನ ರಟ್ಟು ತೆಳುವಾಗಿರಬಹುದು, ಆದರೆ ಚೆನ್ನಾಗಿ ಕಾಪಾಡಿದ ಪ್ರತಿ ಸಂತೋಷದಿಂದ ಕೇಳಲು ಯೋಗ್ಯವಾಗಿರುತ್ತದೆ, ಮತ್ತು ಎಂಬತ್ತರ ಕೊನೆಯ ವರ್ಷಗಳ ಭಾರತೀಯ ಪ್ರತಿಗಳನ್ನು ವಿದೇಶಿ ಸಂಗ್ರಾಹಕರೇ ಹುಡುಕುತ್ತಾರೆ. ಅರವತ್ತರ ದಶಕದಲ್ಲಿ ಬೀಟಲ್ಸ್ ಹಾಡುಗಳನ್ನು ಭಾರತದಲ್ಲಿ 78 ಸುತ್ತಿನ ತಟ್ಟೆಗಳಲ್ಲೂ ಒತ್ತಲಾಗಿತ್ತು. ಜಗತ್ತಿನ ಸಂಗ್ರಾಹಕರಿಗೆ ಅವು ಇಂದಿಗೂ ಅಪೂರ್ವ ವಸ್ತುಗಳು. ಹಳೆಯ ಪೆಟ್ಟಿಗೆಯಲ್ಲಿ ಅಂಥ 78 ಸುತ್ತಿನ ತಟ್ಟೆ ಸಿಕ್ಕರೆ ಮದ್ಯಸಾರ ಬೆರೆತ ದ್ರಾವಣದಿಂದ ಎಂದಿಗೂ ಒರೆಸಬೇಡ. ಅವು ಅರಗಿನ ತಟ್ಟೆಗಳು, ಮದ್ಯಸಾರಕ್ಕೆ ಮೈಯೇ ಕರಗುತ್ತದೆ.

ನಮ್ಮ ನಾಡಿನವರ ವಿಷಯಕ್ಕೆ ಬಂದರೆ ಬಿಡ್ಡು ಅವರ ಹೆಸರನ್ನು ಹೆಮ್ಮೆಯಿಂದ ಹೇಳಬೇಕು. ಕೊಡಗಿನ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಅಲ್ಲಿನ ಬ್ಯಾಂಡಿನಲ್ಲಿ ಹಾಡುತ್ತಿದ್ದ ಅವರು ಅರವತ್ತರ ದಶಕದಲ್ಲಿ ಲಂಡನ್ ಸೇರಿದರು. 1974ರಲ್ಲಿ ಅವರು ನಿರ್ಮಿಸಿದ ಕಾರ್ಲ್ ಡಗ್ಲಸ್ ಅವರ ‘ಕುಂಗ್ ಫು ಫೈಟಿಂಗ್’ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಆ ಹಾಡನ್ನು ಮೊದಲು ಸಿಂಗಲ್‌ನ ಹಿಂಬದಿಗೆಂದು, ಸ್ಟುಡಿಯೊದಲ್ಲಿ ಉಳಿದಿದ್ದ ಅಲ್ಪ ಸಮಯದಲ್ಲಿ ಮುದ್ರಿಸಲಾಗಿತ್ತು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕಾಗಿ ನಾಜಿಯಾ ಹಸನ್ ಅವರಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದವರೂ 1981ರಲ್ಲಿ ‘ಡಿಸ್ಕೋ ದೀವಾನೆ’ ಆಲ್ಬಂ ನಿರ್ಮಿಸಿದವರೂ ಅವರೇ. ನಿನ್ನ ಸಂಗ್ರಹವನ್ನು ಆ ರೆಕಾರ್ಡುಗಳಿಂದ ಆರಂಭಿಸಬಹುದು. ಅವು ನಮ್ಮ ಕಡೆಯ ಗುಜರಿಗಳಲ್ಲೇ ಸಿಗುವ ಸಾಧ್ಯತೆಯುಂಟು.

ಹಿಂಬದಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಏಳಿಂಚಿನ ಸಿಂಗಲ್ ಸಂಗ್ರಹಿಸಲು ಅರ್ಧದಷ್ಟು ಕಾರಣ ಅದರ ಬಿ ಬದಿ. ಪ್ರಿನ್ಸ್ ಅವರ ‘17 ಡೇಸ್’ ಹಾಡು 1984ರ ‘ವೆನ್ ಡವ್ಸ್ ಕ್ರೈ’ ಸಿಂಗಲ್‌ನ ಹಿಂಬದಿಯಲ್ಲಿತ್ತು, ಎಲ್.ಪಿ.ಯಲ್ಲಿರಲಿಲ್ಲ. ಯು2 ತಂಡದ ‘ಸ್ವೀಟೆಸ್ಟ್ ಥಿಂಗ್’ ಮೊದಲು ಬಂದದ್ದು 1987ರಲ್ಲಿ ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಸಿಂಗಲ್‌ನ ಹಿಂಬದಿಯಲ್ಲಿ. ಮಡೋನಾ ಅವರ ‘ಇನ್‌ಟು ದ ಗ್ರೂವ್’ 1985ರಲ್ಲಿ ಅಮೆರಿಕದಲ್ಲಿ ‘ಏಂಜೆಲ್’ ಹನ್ನೆರಡಿಂಚಿನ ಹಿಂಬದಿಯಾಗಿ ಬಂದರೆ ಬ್ರಿಟನ್ನಿನಲ್ಲಿ ಸ್ವತಂತ್ರ ಸಿಂಗಲ್ ಆಗಿ ಬಂದು ಮೊದಲ ಸ್ಥಾನಕ್ಕೇರಿತು.

ಗಂಗಾವತಿ ಉಪನ್ಯಾಸಕಿ (ಕೊಪ್ಪಳ ಜಿಲ್ಲೆ):

ಸರ್, ಗೆರೆಯ ವೇಗದ ವಿವರಣೆ ನನಗೆ ಒಪ್ಪಿಗೆಯಾಯಿತು. ದೀರ್ಘ ಮಿಕ್ಸ್‌ಗಳಲ್ಲಿ ಹೆಚ್ಚಿನವು ಕೇಳಲರ್ಹವಲ್ಲ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಅರ್ಹವಾದವನ್ನು ಅವುಗಳ ಮೂಲ ರೂಪದಲ್ಲೇ ಕೇಳಬೇಕು ಎಂಬುದು ಸರಿ. ಸಾಫ್ಟ್ ಸೆಲ್ ತಂಡದ 1981ರ ‘ಟೇಂಟೆಡ್ ಲವ್’ ಹನ್ನೆರಡಿಂಚು ನನಗೆ ಅಂಥದ್ದು. ಸುಮಾರು ಒಂಬತ್ತು ನಿಮಿಷಗಳಲ್ಲಿ ಒಂದು ಹಾಡು ಇನ್ನೊಂದು ಹಳೆಯ ಹಾಡಿನೊಳಗೆ ಹೊಲಿಗೆ ಕಾಣದಂತೆ ಸೇರಿಕೊಳ್ಳುತ್ತದೆ, ಮತ್ತು ಚಿಕ್ಕ ರೂಪದಲ್ಲಿ ಆ ಸೇರುವಿಕೆಯೇ ಇಲ್ಲ.

ಸಿಂಧನೂರು ಓದುಗ (ರಾಯಚೂರು ಜಿಲ್ಲೆ):

ಹೈದರಾಬಾದಿನ ಭಾನುವಾರದ ಸಂತೆಯಲ್ಲಿ ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ ‘ರಿಲ್ಯಾಕ್ಸ್’ ಹನ್ನೆರಡಿಂಚು ನನಗೆ ಸಿಕ್ಕಿದೆ. ಲೇಬಲ್ಲಿನ ಸಂಖ್ಯೆ ‘12 ಝಡ್‌ಟಿಎಎಸ್ 1’ ಎಂದಿದೆ, ಮಿಕ್ಸ್‌ನ ಹೆಸರು ಸ್ಪಷ್ಟವಾಗಿಲ್ಲ. ನನ್ನ ಪ್ಲೇಯರ್ ದುರಸ್ತಿಗೆ ಹೋಗಿದೆ. ಇದು ಯಾವುದೆಂದು ತಿಳಿಯುವ ಉಪಾಯವಿದೆಯೇ?

ಕೌಲ್‌ಬಜಾರ್ ಸಂಗ್ರಾಹಕ (ಬಳ್ಳಾರಿ):

ಸರ್, ಈ ಇಡೀ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1983ರ ಅಕ್ಟೋಬರಿನಲ್ಲಿ ಬಂದ ಆ ಸಿಂಗಲ್‌ನ್ನು ನಿರ್ಮಿಸಿದ ಟ್ರೆವರ್ ಹಾರ್ನ್, ಅದು ಮಾರಾಟವಾಗುತ್ತಿದ್ದಂತೆಯೇ ಹನ್ನೆರಡಿಂಚಿನ ಮಿಕ್ಸನ್ನು ಬದಲಿಸಿದರು, ಆದರೆ ಕ್ಯಾಟಲಾಗ್ ಸಂಖ್ಯೆ ಬದಲಾಗಲಿಲ್ಲ. ಮೊದಲು ಬಂದದ್ದು ಹದಿನಾರು ನಿಮಿಷಕ್ಕೂ ಮೀರಿದ ಮಿಕ್ಸ್. ಅದರಲ್ಲಿ ಹಾಡು ಎಂದು ನಮಗೆ ಗೊತ್ತಿರುವ ಭಾಗ ಬಹುತೇಕ ಇಲ್ಲವೇ ಇಲ್ಲ ಎಂದು ಆಗಿನ ಕೊಳ್ಳುಗರು ದೂರಿದ್ದರು. ಅದರ ನಂತರ ಬಂದವು ಅದರ ಅರ್ಧದಷ್ಟು ಅವಧಿಯ ಮಿಕ್ಸ್‌ಗಳು.

ಆದ್ದರಿಂದ ಪ್ಲೇಯರ್ ಇಲ್ಲದೆಯೂ ಒಂದು ಅಂದಾಜಿಗೆ ಬರಬಹುದು. ಎ ಬದಿಯನ್ನು ಓರೆ ಬೆಳಕಿನಲ್ಲಿ ನೋಡಿ. ಗೆರೆಗಳು ಒತ್ತೊತ್ತಾಗಿ, ರೇಷ್ಮೆಯ ಹೊಳಪಿನಂತೆ ಒಂದೇ ಸಮನಾಗಿದ್ದು ಲೇಬಲ್ಲಿನ ಹತ್ತಿರದವರೆಗೂ ಹೋಗಿದ್ದರೆ ಅದು ದೀರ್ಘ ಮಿಕ್ಸ್ ಇರಬಹುದು. ಗೆರೆಗಳ ನಡುವೆ ಬರಿಗಣ್ಣಿಗೇ ಅಂತರ ಕಾಣಿಸಿ, ಡ್ರಮ್ಮಿನ ಹೊಡೆತಗಳು ಗೆರೆಗಳಲ್ಲಿ ಅಲೆಯಲೆಯಾಗಿ ಎದ್ದು ತೋರುತ್ತಿದ್ದರೆ ಅದು ನಂತರದ ಮಿಕ್ಸ್‌ಗಳಲ್ಲೊಂದು. ಖಚಿತವಾದ ಉತ್ತರ ಮಾತ್ರ ನುಣುಪು ಪಟ್ಟಿಯ ಕೆತ್ತನೆಯಲ್ಲೇ ಇದೆ. ಸಂಖ್ಯೆಯ ನಂತರ ಬರುವ ಅಂಕಿ, ಅಕ್ಷರಗಳನ್ನು, ನಡುವಿನ ಚುಕ್ಕೆ, ಗೆರೆ, ಅಡ್ಡ ಹೊಡೆದ ಗುರುತುಗಳನ್ನೂ ಬಿಡದೆ, ಎರಡೂ ಬದಿಯದನ್ನು ಬರೆದು ತಿಳಿಸಿ. ಫೋಟೊ ತೆಗೆಯುವುದಾದರೆ ಫ್ಲಾಶ್ ಬೇಡ. ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಮಲಗಿಸಿ ಹಿಡಿದರೆ ಅಕ್ಷರಗಳು ಸ್ಪಷ್ಟವಾಗಿ ಏಳುತ್ತವೆ. ತಾಳೆ ನೋಡಿ ಇಲ್ಲಿಯೇ ಉತ್ತರಿಸುತ್ತೇನೆ.